ಕೊಕ್ಕೆ ಗೆರೆ

ನಮ್ಮ ಗ್ಯಾರೇಜಿನಿಂದ ಯಾವ ಕಾರು ಹೊರಗೆ ಹೋಗಬೇಕಾದರೂ ಕೊನೆಯ ಬಿಗಿ ನನ್ನದಾಗಿತ್ತು. ಅದು ಮಗಳು ಮಾಡಿದ ಕಾನೂನು. ಬೇರೆ ಕೆಲಸವನ್ನೆಲ್ಲ ಅವಳು ಮಾಡುತ್ತಿದ್ದಳು. ಚಕ್ರದ ನಟ್ಟುಗಳನ್ನು ಉದ್ದನೆಯ ಪಾನಾ ಹಾಕಿ, ಎದುರುಬದುರಾಗಿ, ಒಂದೊಂದೇ ಬಿಗಿ ಮಾಡುವುದು ಮಾತ್ರ ನನಗೆ ಬಿಟ್ಟ ಕೆಲಸ. ಬಿಗಿಯಾದ ಮೇಲೆ ನಟ್ಟಿನ ನಡುವಿನಿಂದ ಚಕ್ರದ ಮೇಲಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಎರಡಾಗುತ್ತದೆ, ದೂರದಿಂದಲೇ ಗೊತ್ತಾಗುತ್ತದೆ.

ನನ್ನ ಗೆರೆ ಪೂರ್ತಿ ನೆಟ್ಟಗಿರುವುದಿಲ್ಲ. ತುದಿಗೆ ಬಂದಾಗ ಎಡಕ್ಕೆ ಒಂದು ಸಣ್ಣ ಕೊಕ್ಕೆ ಬೀಳುತ್ತದೆ. ಹಿಂದೆ ಲಾರಿ ಗ್ಯಾರೇಜಿನಲ್ಲಿದ್ದಾಗ ಜಾಕಿ ಜಾರಿ ಬಲಗೈ ತೋರುಬೆರಳಿನ ತುದಿ ಹೋಯಿತು. ಆವತ್ತಿನಿಂದ ಸೀಮೆಸುಣ್ಣ ಕೊನೆಯಲ್ಲಿ ನನ್ನ ಮಾತು ಕೇಳುವುದಿಲ್ಲ. ಅದೇ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಶಾಲೆ ಬಿಟ್ಟ ಕೂಡಲೇ ಲಾರಿ ಗ್ಯಾರೇಜಿಗೆ ಬಂದು, ಮಲಗಿಸಿಟ್ಟ ಹಳೇ ಟೈರಿನೊಳಗೆ ಕಾಲು ಮಡಿಚಿ ಕೂರುತ್ತಿದ್ದಳು. ಕೂತಲ್ಲಿಂದಲೇ ನೋಡಿ ನೋಡಿ ಕೆಲಸ ಕಲಿತಳು.

ಮುಂದೆ ಈ ಗ್ಯಾರೇಜನ್ನು ಅವಳೇ ಹಾಕಿದಳು. ಬೋರ್ಡಿನ ಮೇಲೆ ಅವಳ ಹೆಸರು, ಗೋಡೆಯ ಮೇಲೆ ಗಾಜು ಹಾಕಿದ ಅವಳ ಮೆಕ್ಯಾನಿಕ್ ಸರ್ಟಿಫಿಕೇಟು. ಅವಳಲ್ಲಿಗೆ ಬರುತ್ತಿದ್ದವರು ಕಾರು ಕೆಟ್ಟು ಬರುವವರಲ್ಲ. ಚೆನ್ನಾಗಿರುವ ಕಾರನ್ನು ಕುಳ್ಳು ಮಾಡಿಸಲು ಬರುವವರು. ಕಂಪನಿಯವರು ಹಾಕಿದ ಸ್ಪ್ರಿಂಗು ತೆಗೆದು ಗಿಡ್ಡ ಸ್ಪ್ರಿಂಗು ಹಾಕಬೇಕು, ಚಕ್ರ ತೆಗೆದು ಅಗಲವಾದ ಮಿರಮಿರ ಮಿಂಚುವ ಚಕ್ರ ಹಾಕಬೇಕು. ನೆಲಕ್ಕೂ ಕಾರಿಗೂ ನಾಲ್ಕು ಬೆರಳು ಸಂದು ಉಳಿದರೆ ಅವರಿಗೆ ಸ್ವರ್ಗ. ನಾನು ಆ ಕಾರುಗಳನ್ನು ಇಸ್ತ್ರಿಪೆಟ್ಟಿಗೆ ಎಂದು ಕರೆಯುತ್ತೇನೆ. ರಸ್ತೆಗೆ ಇಸ್ತ್ರಿ ಹಾಕಿಕೊಂಡು ಹೋಗುತ್ತವೆ.

ಆದರೆ ಮಗಳ ಕೆಲಸದಲ್ಲಿ ಒಂದು ಬೆರಳು ತೋರಿಸುವಂತಿರಲಿಲ್ಲ. ಬೇರೆ ಕಡೆ ಇದ್ದ ಸ್ಪ್ರಿಂಗನ್ನೇ ಗ್ಯಾಸಿನಲ್ಲಿ ಸುಟ್ಟು ಎರಡು ಸುತ್ತು ಕತ್ತರಿಸಿ ಕೂರಿಸಿಬಿಡುತ್ತಾರೆ. ಅರ್ಧ ಗಂಟೆಯ ಕೆಲಸ. ಸುಟ್ಟ ಸ್ಪ್ರಿಂಗಿನಲ್ಲಿ ಜೀವ ಇರುವುದಿಲ್ಲ, ಯಾವತ್ತು ಮುರಿಯುತ್ತದೋ ಹೇಳಲಾಗದು. ಅವಳು ಒಂದೇ ಒಂದು ಸ್ಪ್ರಿಂಗು ಕತ್ತರಿಸಿದವಳಲ್ಲ.

ಹಲ್ಲಿನ ಡಾಕ್ಟರು ಬಂದ ದಿನ ಅವಳು ನಗುತ್ತ ಒಳಗೆ ಬಂದಳು. "ಅಪ್ಪಾ, ಹಲ್ಲಿನ ಡಾಕ್ಟ್ರಿಗೆ ಹಲ್ಲಿ ಥರ ಕಾರು ಬೇಕಂತೆ!"

"ಹಲ್ಲಿ ಗೋಡೆನಾದ್ರೂ ಹತ್ತುತ್ತೆ. ಇದು ರಸ್ತೆ ಉಬ್ಬು ಹತ್ತುತ್ತಾ ಕೇಳು" ಎಂದೆ.

ಡಾಕ್ಟರು ಮೂವತ್ತರ ಆಸುಪಾಸಿನವರು, ಮಾತಿಗೆ ಹಿಂದೆ ಬೀಳುವವರಲ್ಲ. "ಯಜಮಾನ್ರೇ, ನಿಮ್ಮ ಬಾಯಲ್ಲಿ ಉಳಿದಿರೋದೇ ನಾಲ್ಕು. ನನ್ನ ಹತ್ರ ಜಗಳ ಇಟ್ಕೋಬೇಡಿ."

"ನಿಮ್ಮ ಕಾರಿನ ಚಕ್ರಕ್ಕೂ ನಾಲ್ಕೇ ನಟ್ಟು ಡಾಕ್ಟ್ರೇ. ನೀವೂ ನನ್ನ ಹತ್ರ ಇಟ್ಕೋಬೇಡಿ."

ಮೂವರೂ ನಕ್ಕೆವು. ಆ ನಗು ಈಗಲೂ ಕಿವಿಯಲ್ಲಿದೆ.

"ಇನ್ನೆರಡು ಬೆರಳು ಇಳಿಸಿ ಅಕ್ಕಾ" ಎಂದು ಅವರು ಮೂರು ದಿನ ಪೀಡಿಸಿದರು. "ಇಳಿಸ್ಬೇಕಾದ್ರೆ ಸ್ಪ್ರಿಂಗ್ ಕತ್ತರಿಸೋರ ಹತ್ರ ಹೋಗಿ. ನನ್ನ ಕೈಲಾಗಲ್ಲ" ಎಂದು ಇವಳು ಜಗ್ಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹೊಸ ಸ್ಪ್ರಿಂಗು ಕೂತಾಗಿತ್ತು. ಹೊಸ ಚಕ್ರಗಳು ಗೋಡೆಗೆ ಒರಗಿದ್ದವು. ಮಗಳು ಸಾಮಾನಿನ ಅಂಗಡಿಗೆ ಹೊರಟಳು. ಗಾಳಿ ತುಂಬುವ ಮೆಷಿನ್ನು ಗಡಗಡ ಓಡುತ್ತಿತ್ತು. ಬಾಗಿಲಲ್ಲಿ ನಿಂತು, ನನ್ನ ಬೆಂಚಿನ ಕಡೆ ಕೈ ತೋರಿಸಿ ಏನೋ ಹೇಳಿದಳು. ನಾನು ತಲೆಯಾಡಿಸಿದೆ.

ನನಗೆ ಕಿವಿ ಮಂದ. ಮತ್ತೆ ಮತ್ತೆ "ಏನು?" ಎಂದು ಕೇಳಿದರೆ ಹೇಳುವವರ ಮುಖ ಒಂದು ಥರ ಆಗುತ್ತದೆ. ಅದನ್ನು ನೋಡಲಾರದೆ, ಕೇಳಿಸದಿದ್ದರೂ ತಲೆಯಾಡಿಸುವುದನ್ನು ಕಲಿತೆ. ಹತ್ತು ಸಲದಲ್ಲಿ ಒಂಬತ್ತು ಸಲ ಏನೂ ಆಗುವುದಿಲ್ಲ. ಬೆಂಚಿನ ಮೇಲೆ ಒಂದು ಚಿಕ್ಕ ರಟ್ಟಿನ ಡಬ್ಬಿ ಇತ್ತು, ಅದರ ಮೇಲೆ ನನಗೆ ಬಾರದ ಭಾಷೆಯ ಅಕ್ಷರ. ನಾನು ಓದಿದ್ದು ಎರಡನೇ ಕ್ಲಾಸು. ನಮ್ಮ ಅಕ್ಷರವನ್ನೇ ಕೂಡಿಸಿ ಓದಬೇಕು. ಡಬ್ಬಿಯ ಮೇಲೆ ಟೀ ಲೋಟ ಇಟ್ಟುಕೊಂಡು ಕುಡಿದೆ.

ಅಷ್ಟರಲ್ಲಿ ಡಾಕ್ಟರು ಬಂದರು. "ಯಜಮಾನ್ರೇ, ಕ್ಲಿನಿಕ್ಕಲ್ಲಿ ಜನ ಬಾಯಿ ತೆಕ್ಕೊಂಡು ಕೂತಿದಾರೆ. ಚಕ್ರ ಹಾಕಿ ಕೊಟ್ಬಿಡಿ."

"ಮಗಳು ಬರ್ಲಿ."

"ಚಕ್ರ ಹಾಕೋಕೂ ಮಗಳೇ ಬರ್ಬೇಕಾ? ಇಷ್ಟು ವರ್ಷ ಏನು ಮಾಡಿದ್ರಿ ಮತ್ತೆ?"

ಆ ಮಾತು ನಾಟಿತು. ಎದ್ದು ಚಕ್ರ ಹಾಕಿದೆ. ಹಳೆಯ ಚಕ್ರದಿಂದ ಬಿಚ್ಚಿಟ್ಟ ಹದಿನಾರು ನಟ್ಟು ತಟ್ಟೆಯಲ್ಲಿದ್ದವು. ಅವನ್ನೇ ಹಾಕಿದೆ. ಬಿಗಿ ಮಾಡುವಾಗ ಪಾನಾ ಏನೋ ಹೇಳಿತು. ನಟ್ಟು ಕೂತಿತು, ಆದರೆ ನೆಲೆಯಾಗಿ ಕೂರಲಿಲ್ಲ. ಅವಸರದಲ್ಲಿರುವ ನೆಂಟರು ಕುರ್ಚಿಯ ತುದಿಯಲ್ಲಿ ಕೂರುತ್ತಾರಲ್ಲ, ಹಾಗೆ. ನನ್ನ ಕೈಗೇ ವಯಸ್ಸಾಯಿತು ಎಂದುಕೊಂಡೆ. ಇನ್ನಷ್ಟು ಬಲ ಹಾಕಿದೆ. ಹದಿನಾರು ಗೆರೆ ಎಳೆದೆ. ಕಾರು ಹೋಯಿತು.

ಅರ್ಧ ಗಂಟೆಗೆ ಮಗಳು ಬಂದಳು. ಖಾಲಿ ಜಾಗ ನೋಡಿದಳು, ಬೆಂಚು ನೋಡಿದಳು, ಟೀ ಲೋಟ ಎತ್ತಿದಳು. ಡಬ್ಬಿಗೆ ಹಾಕಿದ್ದ ಅಂಟುಪಟ್ಟಿ ಹಾಗೇ ಇತ್ತು.

"ಅಪ್ಪಾ, ಯಾವ ನಟ್ಟು ಹಾಕ್ದೆ?"

"ತಟ್ಟೇಲಿದ್ದದ್ದು."

ಅವಳು ಡಬ್ಬಿ ಹರಿದು ಒಂದು ನಟ್ಟು ನನ್ನ ಅಂಗೈಗೆ ಹಾಕಿದಳು. ಅದರ ಬುಡ ಆಲಿಕೆಯ ಹಾಗೆ ಓರೆ. ನಾನು ಹಾಕಿದ್ದರ ಬುಡ ಗೋಲಿಯ ಹಾಗೆ ಉರುಟು. ಹೊಸ ಚಕ್ರದ ತೂತು ಓರೆ ಬುಡಕ್ಕೆ ಮಾಡಿದ್ದು. ಉರುಟು ಬುಡ ಅದರಲ್ಲಿ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ. ಕಾರು ಓಡಿದಂತೆಲ್ಲ ಸಡಿಲವಾಗುತ್ತದೆ. ಪಾನಾ ಹೇಳಿದ್ದು ಅದನ್ನೇ.

ಡಾಕ್ಟರಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಸ್ಕೂಟರು ಹತ್ತಿ ಹೊರಟಳು. ಹೋಗುವ ಮುಂಚೆ "ನೀನು ಫೋನ್ ಮಾಡ್ತಾನೇ ಇರು" ಎಂದಳು. ನಾನು ಒತ್ತುತ್ತಲೇ ಇದ್ದೆ. ಪ್ರತಿ ಸಲವೂ ಅದೇ ಹೆಂಗಸಿನ ದನಿ, ಅದೇ ಮಾತು. ಹತ್ತೊಂಬತ್ತು ಸಲ ಆಯಿತು. ಇಪ್ಪತ್ತನೆಯ ಸಲಕ್ಕೆ ಮಗಳೇ ಫೋನು ಮಾಡಿದಳು.

ಮುಂದಿನ ಎಡಗಡೆಯ ಚಕ್ರ ಬಸ್ ಸ್ಟಾಪಿನ ಹತ್ತಿರ ಕಳಚಿಕೊಂಡಿತ್ತು. ಕಾರಿಗೆ ಏನೂ ಆಗಲಿಲ್ಲ, ಡಾಕ್ಟರಿಗೂ ಏನಾಗಲಿಲ್ಲ. ಬೀಳಲು ಎತ್ತರವೇ ಇಲ್ಲದ ಕಾರು, ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಚಕ್ರ ಮಾತ್ರ ತನ್ನಷ್ಟಕ್ಕೆ ಉರುಳಿಕೊಂಡು ಹೋಗಿ, ಬಸ್ಸಿಗೆ ಕಾದು ನಿಂತಿದ್ದ ಒಬ್ಬ ಟೈಲರ್‌ನ ಮೊಣಕಾಲಿಗೆ ಬಡಿಯಿತು.

ಸಂಜೆಯೊಳಗೆ ಊರಿಗೆಲ್ಲ ಒಂದೇ ಮಾತು. ಕಾರು ಕುಗ್ಗಿಸಿದ್ದಕ್ಕೇ ಚಕ್ರ ಬಿತ್ತು ಎಂದರು. ಹೆಂಗಸಿನ ಕೈಗೆ ಪಾನಾ ಕೊಟ್ಟರೆ ಇನ್ನೇನಾಗುತ್ತೆ ಎಂದೂ ಅಂದರು. ಪಕ್ಕದ ಬ್ಯಾಟರಿ ಅಂಗಡಿಯವನಿಗೆ ನಾನೇ ಹೋಗಿ ಹೇಳಿದೆ: "ತಪ್ಪು ನಂದು ಕಣಪ್ಪ. ನಟ್ಟು ಹಾಕಿದ್ದು ನಾನು." ಅವನು ನನ್ನ ಭುಜ ತಟ್ಟಿದ. "ಬಿಡಿ ಯಜಮಾನ್ರೇ, ಹೆತ್ತ ಕರುಳು."

ಮನೆಯಲ್ಲಿ ಮಗಳು ಕೈ ತೊಳೆಯುತ್ತಲೇ ಹೇಳಿದಳು. "ನಾಡಿದ್ದು ಬ್ರೇಕ್ ಇನ್ಸ್‌ಪೆಕ್ಟರ್ ಬರ್ತಾರೆ. ನೀನು ಬಾಯಿ ಬಿಡ್ಬೇಡ."

"ಯಾಕೆ ಬಿಡ್ಬಾರ್ದು?"

"ಬಿಗಿ ಮಾಡಿದ್ದು ನಾನು ಅಂದ್ರೆ ಎರಡು ವರ್ಷ ಸರ್ಟಿಫಿಕೇಟ್ ಕಿತ್ಕೋತಾರೆ, ಅಷ್ಟೇ. ನೀನು ಅಂದ್ರೆ, ಸರ್ಟಿಫಿಕೇಟ್ ಇಲ್ಲದ ಕೈ. ಪೊಲೀಸ್ ಕೇಸು. ನಿನ್ನನ್ನ ಕರ್ಕೊಂಡು ಹೋಗ್ತಾರೆ."

"ಹೋಗ್ಲಿ. ಈ ವಯಸ್ಸಲ್ಲಿ ನನಗೇನು, ಅಲ್ಲೂ ಕೂತೇ ಇರ್ತೀನಿ."

"ಅಪ್ಪಾ!" ಎಂದಳು. ಆ ಒಂದು ಕೂಗು ಸಾಕಾಯಿತು. ಅವಳಿಗೆ ಏಳು ವರ್ಷವಿದ್ದಾಗ, ಟೈರಿನೊಳಗೆ ನಿದ್ದೆ ಹೋಗಿ, ಎಚ್ಚರವಾದಾಗ ನಾನು ಕಾಣದೆ ಹೀಗೇ ಕೂಗಿದ್ದಳು.

ಮಾರನೆಯ ದಿನ ಅವಳಿಗೆ ಹೇಳದೆ ಆಸ್ಪತ್ರೆಗೆ ಹೋದೆ. ಟೈಲರ್ ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು. ಕಾಲಿಗೆ ತೊಡೆಯವರೆಗೆ ಪ್ಲಾಸ್ಟರು.

"ಬಲಗಾಲು ಕಣ್ರೀ" ಎಂದ. "ಮೆಷಿನ್ ತುಳಿಯೋ ಕಾಲು. ಆ ಚಕ್ರಕ್ಕೂ ಅದೇ ಬೇಕಾಗಿತ್ತು ನೋಡಿ."

"ನಾನು ಗ್ಯಾರೇಜಿನ ಹುಡುಗಿ ಅಪ್ಪ, ಎರಡು ಬಸ್ ಹಿಡಿದು ಬಂದೆ. ಆ ಚಕ್ರ ಹಾಕಿದ್ದು ನಾನು" ಎಂದೆ.

"ನಿಮ್ಮ ಮಗಳು ನಿನ್ನೆ ಬಂದಿದ್ಲು. ಇಲ್ಲೇ ನಿಂತು, ನನ್ನ ಕೈತಪ್ಪು ಅಂತ ಅತ್ತಳು. ಒಳ್ಳೆ ಹುಡುಗಿ."

"ಅವಳು ಅಂಗಡಿಗೆ ಹೋಗಿದ್ಲು. ಅವಳು ಇರ್ಲೇ ಇಲ್ಲ. ನಾನು ಹೇಳೋದನ್ನ ಸ್ವಲ್ಪ ಕೇಳಿ."

ಅವನು ಪಕ್ಕದ ಮಂಚದವನ ಕಡೆ ತಿರುಗಿದ. "ನೋಡಿದ್ರಾ? ಮಗಳ ತಪ್ಪನ್ನ ತಲೆ ಮೇಲೆ ಹೊತ್ಕೊಳೋಕೆ ಈ ವಯಸ್ಸಲ್ಲಿ ಎರಡು ಬಸ್ ಬದಲಾಯಿಸ್ಕೊಂಡು ಬಂದಿದಾರೆ. ಅಪ್ಪ ಅಂದ್ರೆ ಹೀಗಿರ್ಬೇಕು." ಪಕ್ಕದ ಮಂಚದವನು ನನಗೆ ಕೈ ಮುಗಿದ. ನಾನು ತಪ್ಪೊಪ್ಪಿಕೊಳ್ಳಲು ಹೋಗಿ ದೊಡ್ಡ ಮನುಷ್ಯನಾಗಿ ಹೊರಗೆ ಬಂದೆ.

ಇನ್ನು ಉಳಿದದ್ದು ಬ್ರೇಕ್ ಇನ್ಸ್‌ಪೆಕ್ಟರ್ ಒಬ್ಬರೇ. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಕಾರನ್ನು ಎಳೆಸಿ ತಂದು ನಮ್ಮ ಶೆಡ್ಡಿನಲ್ಲೇ ನಿಲ್ಲಿಸಿದ್ದರು. ಅವರು ಸ್ಪ್ರಿಂಗು ನೋಡಿದರು, ಕತ್ತರಿಸಿಲ್ಲ ಎಂದು ಬರೆದುಕೊಂಡರು. ಉಳಿದ ಮೂರು ಚಕ್ರಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಹನ್ನೆರಡು ನಟ್ಟಿನ ಮೇಲೂ ನನ್ನ ಗೆರೆ ಮುರಿದು ಎರಡಾಗಿತ್ತು. ಇನ್ನೊಂದು ಮೈಲಿ ಓಡಿದ್ದರೆ ಎಲ್ಲವೂ ಕಳಚುತ್ತಿದ್ದವು.

"ಕೊನೆ ಬಿಗಿ ಯಾರದು?" ಎಂದು ಕೇಳಿದರು.

"ನಂದು" ಎಂದಳು ಮಗಳು.

"ನಂದು ಸಾರ್" ಎಂದೆ ನಾನು. "ಅವಳು ಇಲ್ಲೇ ಇರ್ಲಿಲ್ಲ. ಡಾಕ್ಟ್ರನ್ನ ಕೇಳಿ."

ಡಾಕ್ಟರು ಮಗಳ ಮುಖ ನೋಡಿದರು. ಅವರಿಬ್ಬರು ಮೊದಲೇ ಮಾತಾಡಿಕೊಂಡಿದ್ದರು ಅನಿಸುತ್ತದೆ. "ನಾನು ಫೋನಲ್ಲಿದ್ದೆ. ಸರಿಯಾಗಿ ನೋಡಿಲ್ಲ" ಎಂದು ನೆಲ ನೋಡಿದರು.

ನನ್ನ ಹತ್ತಿರ ಇನ್ನೊಂದು ಸಾಕ್ಷಿ ಇತ್ತು. ಎರಡು ರಾತ್ರಿ ಅದನ್ನೇ ಹಿಡಿದುಕೊಂಡು ಮಲಗಿದ್ದೆ. "ಸಾರ್, ಗೆರೆ ತುದೀಲಿ ಕೊಕ್ಕೆ ಇದೆ ನೋಡಿ. ಅದು ಈ ಮೊಂಡು ಬೆರಳಿಂದ ಬರೋದು. ಹತ್ತು ಬೆರಳಿರೋರಿಗೆ ಅದು ಬರಲ್ಲ." ಬೆರಳು ಅವರ ಮುಂದೆ ಹಿಡಿದೆ.

ಅವರು ನನ್ನ ಬೆರಳು ನೋಡಿದರು, ಚಕ್ರ ನೋಡಿದರು. ಮೊದಲ ಸಲ ಒಬ್ಬರು ನನ್ನ ಮಾತು ಕೇಳುತ್ತಿದ್ದಾರೆ ಅನಿಸಿ ಎದೆ ಹಗುರಾಯಿತು. ಗೋಡೆಗೆ ಒರಗಿಸಿದ್ದ ತಗಡು ತೋರಿಸಿ, "ಎಳೀರಿ" ಎಂದರು. ಎಳೆದೆ. ಕೊಕ್ಕೆ ಬಂತು. ಅದೇ ಕೊಕ್ಕೆ.

"ನೀವೂ ಎಳೀರಮ್ಮ."

ಮಗಳು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ಒಂದು ಗಳಿಗೆಯೂ ಯೋಚಿಸಲಿಲ್ಲ. ಸರ್ರನೆ ಎಳೆದಳು. ಗೆರೆ ತುದಿಗೆ ಬಂದು ಎಡಕ್ಕೆ ಬಾಗಿತು. ಅಷ್ಟೇ ಉದ್ದದ ಕೊಕ್ಕೆ.

ಇಷ್ಟು ವರ್ಷ ಗೆರೆ ಎಳೆಯುವುದು ನನ್ನ ಕೆಲಸವೆಂದು ಅವಳ ಗೆರೆಯನ್ನು ನಾನು ನೋಡಿಯೇ ಇರಲಿಲ್ಲ. ಟೈರಿನೊಳಗೆ ಕೂತಿದ್ದ ಮಗು ಗೆರೆ ಎಂದರೆ ಹೀಗೇ ಇರಬೇಕೆಂದು ತಿಳಿದುಕೊಂಡಿತ್ತು. ಕೊಕ್ಕೆ ನನ್ನ ಊನ ಎಂದು ಅದಕ್ಕೆ ಯಾರೂ ಹೇಳಲಿಲ್ಲ.

"ಸಾರ್, ಅದು ಅವಳು ನನ್ನನ್ನ ನೋಡಿ ಕಲ್ತಿದ್ದು" ಎಂದೆ.

"ಇರ್ಬಹುದು ಯಜಮಾನ್ರೇ" ಎಂದರು ಮೆತ್ತಗೆ. "ಆದ್ರೆ ಇದು ನಿಮ್ಮ ಗೆರೆ ಅಂತ ನಾನು ಹೇಗೆ ಬರೀಲಿ?"

ಅವಳ ಹೆಸರನ್ನೇ ಬರೆದರು. ಸಾಕ್ಷಿಗೆ ನನ್ನ ಸಹಿ ಕೇಳಿದರು, ನಾನು ಕೈ ಹಿಂದೆ ಕಟ್ಟಿಕೊಂಡೆ. ಡಾಕ್ಟರು ಹಾಕಿದರು. ಗೋಡೆಯ ಮೇಲಿಂದ ಸರ್ಟಿಫಿಕೇಟು ಇಳಿಸಿದ ಮೇಲೆ, ಮಸಿ ಹಿಡಿದ ಗೋಡೆಯಲ್ಲಿ ಅಷ್ಟು ಜಾಗ ಮಾತ್ರ ಬೆಳ್ಳಗೆ ಉಳಿಯಿತು.

ಸರ್ಟಿಫಿಕೇಟು ಇಲ್ಲದವರು ಸ್ವಂತ ಗ್ಯಾರೇಜು ನಡೆಸುವಂತಿಲ್ಲ, ಇನ್ನೊಬ್ಬರ ಕೈಕೆಳಗೆ ಸಣ್ಣಪುಟ್ಟ ಕೆಲಸ ಮಾಡಬಹುದು. ಶೆಡ್ಡಿಗೆ ಬೀಗ ಹಾಕಿ, ಅವಳು ಆಚೆ ರಸ್ತೆಯ ಗ್ಯಾರೇಜಿಗೆ ಹೋಗುತ್ತಿದ್ದಾಳೆ. ದಿನಾ ಸಂಜೆ ಬಂದು ನನ್ನ ಎದುರು ಕೂತು ಟೀ ಕುಡಿಯುತ್ತಾಳೆ. ಟೈಲರ್ ಈಗ ಕೋಲು ಹಿಡಿದು ನಡೆಯುತ್ತಾನೆ, ಮೆಷಿನ್ನಿಗೆ ಮೋಟರು ಹಾಕಿಸಿಕೊಂಡ ಎಂದು ಅವಳೇ ಹೇಳಿದಳು.

ನಿನ್ನೆ ಅವಳ ಕೂದಲಿನಿಂದ ಗ್ಯಾಸಿನಲ್ಲಿ ಸುಟ್ಟ ಕಬ್ಬಿಣದ ವಾಸನೆ ಬಂತು. ನನಗೆ ಕಿವಿ ಮಂದ, ಮೂಗು ಮಂದವಲ್ಲ.

"ಮಗಳೇ, ಅಲ್ಲಿ ನಿನ್ನ ಕೈಯಲ್ಲೂ ಸ್ಪ್ರಿಂಗ್ ಕತ್ತರಿಸೋ ಕೆಲಸ ಮಾಡಿಸ್ತಾರಾ?" ಎಂದು ಕೇಳಿದೆ.

ಅವಳು ಲೋಟದ ಮೇಲಿಂದ ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನು ಕೇಳಿಸದಿದ್ದಾಗ ಆಡಿಸುತ್ತೇನಲ್ಲ, ಅದೇ ಥರ.