ಪದಸೂಚಿಯಲ್ಲಿ ಸೇನಾಪತಿಯ ಹೆಂಡತಿ

ಚರಿತ್ರೆಕಾರರು ಅದುವರೆಗೆ ಹನ್ನೊಂದು ಮಹಾಪುರುಷರ ಜೀವನ ಬರೆದಿದ್ದರು. ಹನ್ನೊಂದಕ್ಕೂ ಕೊನೆಯಲ್ಲಿ ಬರುವ ಪದಸೂಚಿ ಮಾಡಿದವಳು ಅವರ ಹೆಂಡತಿ. ಯಾವ ಹೆಸರು, ಯಾವ ವಿಷಯ ಎಷ್ಟನೇ ಪುಟದಲ್ಲಿದೆ ಎಂದು ಚೀಟಿಗಳಲ್ಲಿ ಬರೆದು, ಬೂಟಿನ ಹಳೇ ಡಬ್ಬಿಯಲ್ಲಿ ಅಕ್ಷರಕ್ರಮಕ್ಕೆ ಜೋಡಿಸುವ ಕೆಲಸ. ಪುಸ್ತಕವೊಂದಕ್ಕೆ ಮೂರು ತಿಂಗಳು ಬೇಕು. ಪ್ರತಿ ಪುಸ್ತಕದ ಮೊದಲಲ್ಲಿ ಕೃತಜ್ಞತೆಯ ಪುಟವೂ ಇರುತ್ತಿತ್ತು. ಗ್ರಂಥಾಲಯದ ಜವಾನ, ಕಣ್ಣಿನ ಡಾಕ್ಟರು, ಒಮ್ಮೆ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟ ಯಾರೋ ಪುಣ್ಯಾತ್ಮ, ಎಲ್ಲರೂ ಅಲ್ಲಿದ್ದರು. ಹೆಂಡತಿ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ.

ಅವಳಿಗೆ ಬೇಕಾದದ್ದು ಒಂದೇ ಒಂದು ಸಾಲು. ಬಾಯಿಬಿಟ್ಟು ಕೇಳಿಯೂ ಇದ್ದಳು.

"ರೀ, ಈ ಸಲವಾದ್ರೂ ನನ್ನ ಹೆಸರು ಒಂದು ಕಡೆ ಹಾಕ್ತೀರಾ?"

"ಮನೆಯವಳಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೇ? ನೋಡಿದವರು ನಗ್ತಾರೆ," ಎಂದು ಅವರೇ ನಕ್ಕಿದ್ದರು.

ಹನ್ನೆರಡನೆಯದು ಇನ್ನೂರು ವರ್ಷದ ಹಿಂದೆ ಸತ್ತ ಒಬ್ಬ ಸೇನಾಪತಿಯದು. ಪ್ರೂಫ್ ಬಂದಾಗ ಅವಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಳು. ಸೇನಾಪತಿಯ ಹೆಂಡತಿಯ ಬಗ್ಗೆ ದಾಖಲೆಗಳಲ್ಲಿ ಸಿಕ್ಕಿದ್ದು ಎರಡೇ ಸಂಗತಿ: ಮದುವೆಯಾದ ವರ್ಷ, ಸತ್ತ ವರ್ಷ. ಆ ದಾಖಲೆಗಳನ್ನು ನಕಲು ಮಾಡಿಕೊಟ್ಟವಳೇ ಇವಳು. ಪುಸ್ತಕದಲ್ಲಿ ನೋಡಿದರೆ ಆಕೆಗೆ ಇಪ್ಪತ್ತಾರು ಪುಟ! ಮೆಟ್ಟಿಲು ಹತ್ತುವಾಗ ಬಾಯಲ್ಲೇ ಎಣಿಸುತ್ತಾಳೆ. ಹಲ್ಲಿನ ಸಂದು ಕಾಣಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ, ಅದೂ ಎಲ್ಲರೂ ನಕ್ಕು ಮುಗಿಸಿದ ಮೇಲೆ. ಯುದ್ಧದ ನಕ್ಷೆಯ ಮೇಲೆ ಬಗ್ಗಿದ ಗಂಡನನ್ನು ಊಟಕ್ಕೆ ಏಳ್ತೀರಾ ಎಂದು ಕೇಳುತ್ತಾಳೆ. ಹೆತ್ತ ಒಂದೇ ಮಗು ಎಂಟನೇ ದಿನಕ್ಕೆ ತೀರಿಕೊಂಡಾಗ ಅಳದೆ ಕಪಾಟು ಒರೆಸುತ್ತಾಳೆ. 'ಆಕೆಗೆ ದುಃಖಪಡುವಷ್ಟೂ ಬುದ್ಧಿ ಇರಲಿಲ್ಲ' ಎಂದು ಚರಿತ್ರೆಕಾರರ ಷರಾ.

ಆ ಎಣಿಕೆ, ಆ ನಗು ಇವಳದು; ಆ ಎಂಟು ದಿನವೂ ಇವಳದೇ. ಆ ಕಪಾಟು ಇದೇ ಕೋಣೆಯಲ್ಲಿತ್ತು. ಇಪ್ಪತ್ತೊಂಬತ್ತು ವರ್ಷದಿಂದ ಗಂಡ ಹೆಂಡತಿ ಇಬ್ಬರೂ ಆ ಮಾತು ಎತ್ತಿರಲಿಲ್ಲ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಪದಸೂಚಿಯನ್ನು ಚರಿತ್ರೆಕಾರರು ಒಂದು ದಿನವೂ ತೆರೆದು ನೋಡಿದವರಲ್ಲ. ಅವಳು ಚೀಟಿ ಬರೆದಳು. 'ಆಧಾರವಿಲ್ಲದ್ದು' ಎಂಬ ಪದದ ಮುಂದೆ ಮೂವತ್ತೊಂದು ಪುಟಗಳ ಸಂಖ್ಯೆ. 'ಸೇನಾಪತಿಯ ಹೆಂಡತಿ' ಎಂಬಲ್ಲಿ: 'ಎಲ್ಲವೂ ಕಟ್ಟುಕಥೆ'. ಅದರ ಕೆಳಗೆ: 'ಮಗುವಿನ ಸಾವು, ಕದ್ದದ್ದು, 203'. ತಾನೇ ಹೋಗಿ ಮುದ್ರಣಾಲಯಕ್ಕೆ ಕೊಟ್ಟು ಬಂದಳು. ಮಾಡಿದ್ದುಣ್ಣೋ ಮಹರಾಯ, ಎಂದುಕೊಂಡಳು.

ಪುಸ್ತಕಗಳನ್ನು ಹಿಂದಿನಿಂದ ಮುಂದಕ್ಕೆ ಓದುವ ಒಬ್ಬ ವಿಮರ್ಶಕನಿದ್ದ. ಎಂಥ ಲೇಖಕನನ್ನೂ ತುಂಡು ಮಾಡುತ್ತಿದ್ದನೆಂದು ಎಲ್ಲರೂ ಅವನನ್ನು ಕತ್ತರಿ ಎನ್ನುತ್ತಿದ್ದರು. ಬಿಡುಗಡೆಯ ಸಭೆಯಲ್ಲಿ ಮಾತಾಡುವವನು ಅವನೇ ಎಂದು ತಿಳಿದು, ಅವಳು ಒಳ್ಳೆಯ ಸೀರೆ ಉಟ್ಟು ಮೂರನೇ ಸಾಲಿನಲ್ಲಿ ಕೂತಳು.

ಕತ್ತರಿ ಕೊನೆಯ ಪುಟಗಳನ್ನು ಗಟ್ಟಿಯಾಗಿ ಓದಿದ. ವೇದಿಕೆಯ ಮೇಲೆ ಚರಿತ್ರೆಕಾರರ ಮುಖ ಬಿಳಿಚಿಕೊಂಡಿತು.

"ನಾನು ಮೂವತ್ತು ವರ್ಷದಿಂದ ಓದ್ತಾ ಇದ್ದೀನಿ," ಎಂದ ಕತ್ತರಿ. "ತನ್ನ ಸುಳ್ಳನ್ನ ತಾನೇ ಪಟ್ಟಿ ಮಾಡಿ ಅಚ್ಚು ಹಾಕಿಸಿದ ಲೇಖಕನನ್ನ ಕಂಡಿರಲಿಲ್ಲ. ಕದ್ದದ್ದು! ಎಂಥ ಪ್ರಾಮಾಣಿಕತೆ ಸ್ವಾಮಿ! ನಾನು ತಲೆಬಾಗ್ತೀನಿ."

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಚರಿತ್ರೆಕಾರರು ಒಂದು ಗಳಿಗೆ ಹೆಂಡತಿಯ ಕಡೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ, ಮೈಕಿನ ಮುಂದೆ ಬಂದರು.

"ಆ ಒಂದು ಪದ ಬರೆಯುವಾಗ ನನ್ನ ಕೈ ನಡುಗಿತ್ತು," ಎಂದರು.

ಹಿಂದಿನ ಸಾಲಿನ ಹೆಂಗಸೊಬ್ಬಳು ಇವಳ ಭುಜ ತಟ್ಟಿ, "ಪುಣ್ಯ ಮಾಡಿದ್ರಿ ನೀವು," ಎಂದಳು. ಇವಳ ಕೈ ತಾನಾಗಿ ಬಾಯಿಗೆ ಅಡ್ಡ ಬಂತು.

ಮನೆಗೆ ಬಂದ ಮೇಲೆ ಬೈಯುತ್ತಾರೆಂದು ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಖುಷಿಯಾಗಿ ಪುಸ್ತಕವನ್ನು ಊಟದ ಮೇಜಿನ ಮೇಲೆ ಇಟ್ಟರು.

"ಎರಡನೇ ಮುದ್ರಣ ಮಾಡ್ತಾರಂತೆ. ನಿನ್ನ ಪಟ್ಟೀಲಿ ನಾಲ್ಕು ಪುಟ ಬಿಟ್ಟುಹೋಗಿದೆ ಕಣೇ. ಅವೂ ನಾನೇ ಹುಟ್ಟಿಸಿದ್ದು. ಇಷ್ಟು ವರ್ಷ ಆದ್ರೂ ನೆಟ್ಟಗೆ ಓದೋದು ಕಲೀಲಿಲ್ಲ ನೀನು."

"ಕೃತಜ್ಞತೆ ಪುಟ?" ಎಂದಳು ಅವಳು.

"ಹಾಂ, ಒಳ್ಳೇದಾಯ್ತು ನೆನಪು ಮಾಡಿದ್ದು. ಅದರಲ್ಲಿ ಒಂದು ಹೆಸರು ಸೇರಿಸ್ಬೇಕು. ಕತ್ತರೀದು."

ಅವಳು ಬೂಟಿನ ಡಬ್ಬಿ ಎಳೆದುಕೊಂಡು ನಾಲ್ಕು ಚೀಟಿ ತೆಗೆದಳು. ಆಮೇಲೆ ಕತ್ತರಿಯ ಹೆಸರಿಗೆಂದು ಐದನೆಯದನ್ನೂ ತೆಗೆದಳು.