ಇಪ್ಪತ್ತನೇ ನಿಮಿಷದ ತಿರುವು

ನಿಂತಿದ್ದು ನೀನಾ, ನಾನಾ, ಎಂದು ನರಸಿಂಹಯ್ಯ ಯಾರೂ ಇಲ್ಲದ ಕೋಣೆಗೆ ಕೇಳಿದರು, ಕಂಪ್ಯೂಟರಿನ ಪರದೆಯಲ್ಲಿ ಅವರು ಓಡಿಸುತ್ತಿದ್ದ ಬಸ್ಸು ಕೆರೆಯಂಚಿನ ತಿರುವಿನಲ್ಲಿ ಅರ್ಧ ಹೊರಳಿ ನಿಂತುಬಿಟ್ಟಿತ್ತು, ಕೈಯಲ್ಲಿನ ಆಟದ ಸ್ಟೇರಿಂಗ್ ಪೂರ್ತಿ ತಿರುಗಿದ್ದರೂ ಬಸ್ಸಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ, ಆಚೆ ಸ್ಟಾಪಿನಲ್ಲಿ ಕೆಂಪು ಕೋಟಿನ ಹೆಂಗಸು ಎತ್ತಿದ ಕೈ ಎತ್ತಿದಂತೆಯೇ ಇತ್ತು — ಮೂಲೆಯ ಅಂಕಿ ಅರವತ್ತರಿಂದ ಹನ್ನೊಂದಕ್ಕೆ ಬಿದ್ದಿದೆ, ಸೆಕೆಂಡಿಗೆ ಅರವತ್ತು ಫ್ರೇಮ್ ಬರ್ಬೇಕು ದೊಡ್ಡಪ್ಪ, ಕಡಿಮೆ ಆದ್ರೆ ತಡವರಿಸುತ್ತೆ, ಎಂದು ಇದನ್ನು ಜೋಡಿಸಿಕೊಟ್ಟ ದಿನವೇ ತಮ್ಮನ ಮಗ ನಿರಂಜನ್ ಹೇಳಿದ್ದ, ಅಂಕಿ ಯಾಕೆ ಬೇಕು, ಕಿವಿಗೇ ಗೊತ್ತಾಗುತ್ತದೆ, ಯಲಹಂಕದ ಹಳೇ ಗುಡಿಯ ಜಗಲಿಯಲ್ಲಿ ಅಪ್ಪನ ಪಕ್ಕ ಕೂತು ಪದ್ಯ ಕೇಳುತ್ತ ಬೆಳೆದ ಕಿವಿ, ಓದುವವರು ಛಂದಸ್ಸಿನ ಒಂದು ಮಾತ್ರೆ ನುಂಗಿದರೂ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅಪ್ಪನ ಬೆರಳು ಅಲ್ಲೇ ನಿಲ್ಲುತ್ತಿತ್ತು, ಈ ಯಂತ್ರವೂ ಮಾತ್ರೆ ನುಂಗುತ್ತಿದೆ, ನುಂಗಿ ನನ್ನ ಮೇಲೆ ಹೊರಿಸುತ್ತಿದೆ, ಬೆಳಿಗ್ಗೆ ಸಂಜಯನಗರದಿಂದ ನಿರಂಜನ್ ಫೋನು, ಇವತ್ತು ನಾಲ್ಕಕ್ಕೆ ಬರ್ತೀನಿ, ಆ ಕಂಪ್ಯೂಟರ್ ಡಬ್ಬಾ ತಗೊಂಡೋಗಿ ಯಾರಿಗಾದ್ರೂ ಕೊಟ್ಬಿಡೋಣ, ನಿಮಗೊಂದು ಟ್ಯಾಬ್ ತರ್ತೀನಿ, ಆರಾಮಾಗಿ ಪದ್ಯ ಕೇಳ್ಕೊಂಡಿರಿ, ಅಂದವನು, ಈ ವಯಸ್ಸಲ್ಲಿ ಕಣ್ಣು ಕೈ ಸ್ವಲ್ಪ ಲೇಟಾಗೋದು ಸಹಜ ದೊಡ್ಡಪ್ಪ, ಅಂತ ಸೇರಿಸಿದ, ಆ ಸೇರಿಸಿದ್ದೇ ನೆಟ್ಟಿದ್ದು, ಅವರು ನಿಜವಾದ ಬಸ್ಸಿನ ಡ್ರೈವರಾಗಿದ್ದಾಗ ಇದೇ ಮಾತನ್ನು ಡಿಪೋ ಡಾಕ್ಟರೂ ಹೇಳಿದ್ದರು, ಬ್ಯಾಟರಾಯನಪುರದ ಸ್ಟಾಪಿನಲ್ಲಿ ಕೈ ಎತ್ತಿದ ಹೆಂಗಸನ್ನು ಬಸ್ಸು ನಿಲ್ಲಿಸದೆ ದಾಟಿಬಿಟ್ಟಿದ್ದ ವಾರ, ಗುರುವೇ, ಆಯಮ್ಮ ಕೈ ಎತ್ತಿದ್ಲಲ್ಲ, ಕಾಣ್ಲಿಲ್ವಾ, ಎಂದು ಕಂಡಕ್ಟರ್ ಮುನಿಯಣ್ಣ ಮೆಲ್ಲಗೇ ಕೇಳಿದ್ದ, ಕಂಡಿರಲಿಲ್ಲ, ಎಡಗಣ್ಣಿನ ಪೊರೆ, ಆಮೇಲೆ ಎರಡು ವರ್ಷ ಡಿಪೋದ ಮೇಜಿನ ಮುಂದೆ, ಆಮೇಲೆ ನಿವೃತ್ತಿಯ ಶಾಲು ಹಾರ, ಕಣ್ಣಿನ ಪೊರೆ ತೆಗೆಸಿದ್ದಾಯಿತು, ಬಸ್ಸು ಮಾತ್ರ ವಾಪಸ್ ಬರಲಿಲ್ಲ, ಈ ಪರದೆಯಲ್ಲಿ ಬಂದಿದ್ದೇ ಬಂದಿದ್ದು.

ಮಾಡುವುದೆಲ್ಲ ಮಾಡಿದ್ದಾರೆ, ಈ ವಾರವೆಲ್ಲ ಅದೇ ಕೆಲಸ, ಆಟದ ಸೆಟ್ಟಿಂಗಿನಲ್ಲಿ ಮಳೆ ತೆಗೆದರು, ಮರದ ನೆರಳು ತೆಗೆದರು, ಸೀಟಿನಲ್ಲಿ ಕೂತವರನ್ನೂ ಇಳಿಸಿದರು, ಆಟವನ್ನೇ ಅಳಿಸಿ ಮತ್ತೆ ಹಾಕಿದರು, ನೆರಳಿಲ್ಲದ ರಸ್ತೆಯಲ್ಲಿ ಖಾಲಿ ಬಸ್ಸು ಓಡಿಸಿದರೂ ಅದೇ ಕೆರೆ, ಅದೇ ತಿರುವು, ಹೊರಟ ಇಪ್ಪತ್ತನೇ ನಿಮಿಷ — ಇಪ್ಪತ್ತೇ ಯಾಕೆ, ಮೊದಲ ನಿಮಿಷ ಬೆಣ್ಣೆಯ ಹಾಗೆ ಓಡುತ್ತದಲ್ಲ, ನಿಧಾನವಾದ ಕೈ ಮೊದಲಿನಿಂದಲೇ ನಿಧಾನವಾಗಿರಬೇಕು, ಕೈ ಗಡಿಯಾರ ನೋಡಿಕೊಂಡು ಮುದಿಯಾಗುತ್ತದೆಯೇ, ಅವರು ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿದರು, ಕೇಳಿದರು, ಕಂಪ್ಯೂಟರಿನ ಒಳಗಿನ ಫ್ಯಾನು ಊಳಿಡುತ್ತಿದೆ, ಈ ಊಳು ಗೊತ್ತು, ಮೇ ತಿಂಗಳಲ್ಲಿ ಹೆಬ್ಬಾಳದ ಸೇತುವೆ ಹತ್ತುವಾಗ ಹಳೇ ಬಸ್ಸು ಹೀಗೇ ಒದರುತ್ತಿತ್ತು, ಡಬ್ಬದ ಮೈ ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆ, ಗಾಳಿ ಎಳೆಯುವ ಮುಂದಿನ ಜಾಲರಿಗೆ ತಾವೇ ಬೆಳಿಗ್ಗೆ ಕಟ್ಟಿದ ಒಂದು ಮೊಳ ಸೇವಂತಿಗೆ, ಬುಡದಲ್ಲಿ ಊದುಬತ್ತಿಯ ಬೂದಿ, ಶುಕ್ರವಾರ ಶುಕ್ರವಾರ ತಪ್ಪಿಸಿದ್ದಿಲ್ಲ, ಹೂವಿಲ್ಲದ ಗಾಡಿ ಹತ್ತಿದವರಲ್ಲ ಅವರು — ಹೂವು, ಜಾಲರಿ, ಹೂವು, ಒಂದು ಆಯುಧಪೂಜೆಯ ಮಾರನೇ ದಿನ ಬಾನೆಟ್ಟಿನ ಮುಂದೆ ತೋಳಿನ ದಪ್ಪದ ಹಾರ, ಬಾಳೆಕಂದು, ಮೇಖ್ರಿ ಸರ್ಕಲ್ಲಿನಲ್ಲಿ ರೇಡಿಯೇಟರಿನ ನೀರು ಕುದ್ದು ಹಬೆ, ಮೆಕ್ಯಾನಿಕ್ ವೀರಬಸಪ್ಪ ಹಾರ ಕಿತ್ತು ಕೈಗಿಟ್ಟು, ಅಣ್ಣಾ, ದೇವ್ರಿಗೂ ಹೂವ ಕೊರಳಿಗೆ ಹಾಕ್ತಾರೆ, ಮೂಗಿಗಲ್ಲ, ಅಂದಿದ್ದ, ಇಡೀ ಡಿಪೋ ನಕ್ಕಿತ್ತು, ಈಗ ನಗುವವರಿಲ್ಲ, ಸ್ವಿಚ್ಚು ಆರಿಸಿ ಸ್ಕ್ರೂ ತಿರುಗಿಸಿ ಪಕ್ಕದ ಹಲಗೆ ಬಿಚ್ಚಿದರೆ ಒಳಗೆ ಒಣಗಿದ ಎಸಳುಗಳು, ಎಷ್ಟು ಶುಕ್ರವಾರಗಳೋ, ಫ್ಯಾನಿನ ರೆಕ್ಕೆಗೆ ಬೂದಿ ಎಣ್ಣೆಜಿಡ್ಡಿನ ಹಾಗೆ ಅಂಟಿದೆ, ಅವರು ಗಡ್ಡದ ಬ್ರಶ್ಶಿನಿಂದ ಕೆರೆದು, ರೆಕ್ಕೆಯನ್ನು ಬೆರಳಲ್ಲಿ ತಡೆದು ಸೈಕಲ್ ಪಂಪಿನಿಂದ ಗಾಳಿ ಊದುತ್ತಿದ್ದಾಗ ಹೆಂಡತಿ ಲಕ್ಷ್ಮಿದೇವಮ್ಮ ಬಾಗಿಲಲ್ಲಿ, ಅದೇನ್ರೀ ಇಂಗೆ ಬಿಚ್ಚಾಕಿದ್ದೀರಾ, ನಿರಂಜ ಬರೋ ಒತ್ತಾಯ್ತು, ಎಂದವಳು ಬಗ್ಗಿ ನೋಡಿ, ಅಯ್ಯೋ ಶಿವ, ಪಾಪ ಉಸಿರು ಕಟ್ಟಿಸಿದ್ದೀರಲ್ರೀ, ಎಂದು ಸೆರಗು ಬಾಯಿಗಿಟ್ಟು ನಕ್ಕಳು, ಹೌದು ಕಣೇ, ನಾನೇ ಕಟ್ಟಿಸಿದ್ದು, ನನ್ನ ಭಕ್ತಿಯೇ ಕಟ್ಟಿಸಿದ್ದು, ಆದರೆ ಕೈಯಲ್ಲ, ಕಣ್ಣಲ್ಲ, ಕೇಳಿಸಿತಾ, ಕೈಯಲ್ಲ.

ಹೂವನ್ನು ಎಸೆಯಲಿಲ್ಲ, ಸ್ಟೇರಿಂಗಿನ ಕೊರಳಿಗೆ ಸುತ್ತಿದರು, ಕಣ್ಣಿಗೊತ್ತಿಕೊಂಡು, ಹಲಗೆ ಮುಚ್ಚಿ, ಮತ್ತೆ ಬಸ್ಸು ಹೊರಡಿಸಿದರು, ಮಳೆಯನ್ನು ವಾಪಸ್ ಕರೆದರು, ನೆರಳನ್ನೂ, ಸೀಟು ತುಂಬ ಜನರನ್ನೂ, ಐದು ನಿಮಿಷ, ಹನ್ನೆರಡು, ಮೂಲೆಯ ಅರವತ್ತು ಅರವತ್ತಾಗಿಯೇ ಇದೆ, ಬೆರಳು ತಾನೇ ತೊಡೆಯ ಮೇಲೆ ತಾಳ ಹಾಕುತ್ತಿದೆ, ಹದಿನಾರು, ಕೆಳಗೆ ಆಟೋ ನಿಂತ ಸದ್ದು, ಮೆಟ್ಟಿಲ ಮೇಲೆ ಬೂಟು, ಹದಿನೆಂಟು, ಕೋಣೆಗೆ ಬಂದ ನಿರಂಜನ್ ಟ್ಯಾಬಿನ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡೇ, ದೊಡ್ಡಪ್ಪ, ಆಫ್ ಮಾಡಿ ಕೊಡಿ, ವೈರೆಲ್ಲ ನಾನೇ ಬಿಚ್ಕೋತೀನಿ, ಆಟೋ ಕಾಯ್ತಾ ಇದೆ, ಎನ್ನುತ್ತಾನೆ, ಹತ್ತೊಂಬತ್ತು, ಕೆರೆ ಕಾಣುತ್ತಿದೆ, ದೊಡ್ಡಪ್ಪ, ಕೇಳಿಸ್ತಾ, ಬಿಡಿ ಅದನ್ನ, ಕೊಡಿ ಇಲ್ಲಿ, ಇಪ್ಪತ್ತು, ತಿರುವು, ಸ್ಟೇರಿಂಗ್ ತಿರುಗುತ್ತದೆ, ಜೊತೆಯಲ್ಲೇ ಬಸ್ಸು, ಒಂದು ಮಾತ್ರೆಯೂ ತಪ್ಪದೆ, ಮಳೆಯಲ್ಲಿ ಕೆಂಪು ಕೋಟು, ಕಂಡಿದ್ದೀನಿ ತಾಯಿ, ದೂರದಿಂದಲೇ ಕಂಡಿದ್ದೀನಿ, ಕೊಡಲ್ಲ ಕಣೋ ಎಂದರು ನರಸಿಂಹಯ್ಯ, ತಿರುಗಿ ನೋಡದೆ, ಕಾಲು ಬ್ರೇಕಿನ ಮೇಲೆ, ಬಾಗಿಲ ಗುಂಡಿಯ ಮೇಲೆ ಹೆಬ್ಬೆರಳು, ಆ ಎತ್ತಿದ ಕೈ ಹತ್ತಿರ ಹತ್ತಿರ ಬಂದು, ಎತ್ತಿದ ಕೈ — ಕೊಡಲ್ಲ.