ನಡುವಿನ ಪೆಟ್ಟಿಗೆ

ಆಮೆಮನೆಯ ಡಾಕ್ಟರು ಏಳನೆಯ ಮರಿಯನ್ನೂ ಪರೀಕ್ಷೆ ಮಾಡಿ, ಕ್ಯಾಮೆರಾದ ಸಣ್ಣ ಕೊಳವೆಯನ್ನು ಒರೆಸಿಟ್ಟು, "ಇದೂ ಹೆಣ್ಣೇ ಅಮ್ಮ" ಎಂದಾಗ ಮೊಟ್ಟೆಕೋಣೆಯ ಮೇಲ್ವಿಚಾರಕಿಗೆ ತಲೆ ಗಿರ್ರೆಂದಿತು. ಒಂದಲ್ಲ, ಎರಡಲ್ಲ, ಏಳಕ್ಕೆ ಏಳೂ ಹೆಣ್ಣು. ಹಾಗಾದರೆ ಮೂರನ್ನು ಬಿಸಿ ಪೆಟ್ಟಿಗೆಗೆ ಹಾಕಿ, ಗಂಡಾಗಲಿ ಎಂದೇ ನಾಲ್ಕು ಮೊಟ್ಟೆಗಳನ್ನು ಬೇರೆ ಮಾಡಿ ತಣ್ಣನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದು ಯಾತಕ್ಕೆ?

ಆಮೆಗಳ ಸಂಸಾರವೇ ಹಾಗೆ. ಬಹುಪಾಲು ಜಾತಿಗಳಲ್ಲಿ ಗಂಡೋ ಹೆಣ್ಣೋ ಎನ್ನುವುದು ತಾಯಿಯ ಹೊಟ್ಟೆಯಲ್ಲಿ ತೀರ್ಮಾನವಾಗುವುದಿಲ್ಲ. ಮೊಟ್ಟೆ ಮಲಗಿದ ಮರಳಿನ ಬಿಸಿ ಅದನ್ನು ತೀರ್ಮಾನಿಸುತ್ತದೆ. ಕಡಲಾಮೆಯಾಗಲಿ, ಕೊಳದ ಆಮೆಯಾಗಲಿ, ಬಿಸಿಗೆ ಹೆಣ್ಣು, ತಂಪಿಗೆ ಗಂಡು. ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದ ಮೇಲ್ವಿಚಾರಕಿಯದು ಇದರಲ್ಲಿ ಎತ್ತಿದ ಕೈ. ಎಷ್ಟು ಗಂಡು ಬೇಕು, ಎಷ್ಟು ಹೆಣ್ಣು ಬೇಕು ಹೇಳಿ, ಅಳತೆಗೆ ತಕ್ಕಂತೆ ಬಟ್ಟೆ ಹೊಲಿದು ಕೊಟ್ಟ ಹಾಗೆ ಕೊಡುತ್ತೇನೆ ಎಂದು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದವಳು ಅವಳು.

ಈ ಏಳು ಮರಿಗಳಾದರೋ ಸಾಮಾನ್ಯದವಲ್ಲ. ದೊಡ್ಡ ತಲೆಯ, ಬಾಗಿದ ಮೂತಿಯ ಈ ಜಾತಿಯಲ್ಲಿ ಉಳಿದಿದ್ದ ಒಂದೇ ಒಂದು ಗಂಡು, ಎಲ್ಲರೂ 'ಯಜಮಾನ' ಎಂದು ಕರೆಯುತ್ತಿದ್ದದ್ದು, ಮೂರು ವರ್ಷದ ಹಿಂದೆ ಸತ್ತುಹೋಗಿತ್ತು. ಇನ್ನು ಇದ್ದದ್ದು ಇಲ್ಲಿನ ಕೊಳದ 'ಮುದುಕಿ', ಕಡಲಾಚೆಯ ಇನ್ನೊಂದು ಆಮೆಮನೆಯಲ್ಲಿ ನಾಲ್ಕು ಹೆಣ್ಣು, ಅಷ್ಟೇ. ಒಂದು ಗಂಡು ಮರಿ ಹುಟ್ಟದಿದ್ದರೆ ಆ ಕುಲದ ಕಥೆ ಮುಗಿದಂತೆಯೇ. ಪುಣ್ಯಕ್ಕೆ ಮುದುಕಿ ಯಜಮಾನನ ಬೀಜವನ್ನು ಒಳಗೇ ಜೋಪಾನವಾಗಿಟ್ಟುಕೊಂಡು, ಗಂಡನಿಲ್ಲದೆಯೂ ಈ ಏಳು ಮೊಟ್ಟೆ ಇಟ್ಟಿದ್ದಳು. ಆದರೆ ಆ ದಾಸ್ತಾನು ಕರಗುತ್ತ ಬಂದಿದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ಮೇಲ್ವಿಚಾರಕಿಗೆ ಮೂಗಿನ ತುದಿಯಲ್ಲೇ ಕೋಪ. ತಪ್ಪು ಯಾರದ್ದು ಎಂದು ಯೋಚಿಸುವ ಮೊದಲೇ ಮೈದುನನನ್ನು ಕರೆಸಿದಳು. ಅವನು ಅದೇ ಆಮೆಮನೆಯ ಎಲೆಕ್ಟ್ರಿಷಿಯನ್; ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗಳೆಲ್ಲ ಅವನ ಕೈಯಲ್ಲೇ ತಯಾರಾದವು.

"ನಿನ್ನ ಪೆಟ್ಟಿಗೆ ಸುಳ್ಳು ಹೇಳಿದೆ ಕಣೋ. ತಣ್ಣಗಿದೀನಿ ಅಂತ ತೋರಿಸಿ ಒಳಗೊಳಗೇ ಬೆಂದಿದೆ" ಎಂದಳು, ನಾಲ್ಕು ಜನರ ಎದುರಿಗೆ.

"ನೋಡೇ ಬಿಡೋಣ ಅತ್ತಿಗೆ" ಎಂದು ಅವನು ಮೂರು ಬೇರೆ ಬೇರೆ ಥರ್ಮಾಮೀಟರು ತಂದು ಒಳಗಿಟ್ಟ. ಎರಡು ದಿನ ಕಾದರು. ಮೂರೂ ಇಪ್ಪತ್ತೆರಡು ಡಿಗ್ರಿ ಎಂದವು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವನು ಥರ್ಮಾಮೀಟರುಗಳನ್ನು ಎತ್ತಿಕೊಂಡು ಹೋದ. ಆ ಭಾನುವಾರದಿಂದ ಅವಳ ಮನೆಗೆ ಊಟಕ್ಕೆ ಬರುವುದನ್ನೂ ನಿಲ್ಲಿಸಿದ.

ಅವಳಿಗೋ ತಲೆಬುಡ ಒಂದೂ ತಿಳಿಯದು. ಮೊಟ್ಟೆಗಳ ಚೀಟಿ ಅದಲುಬದಲಾಯಿತೇ? ಇಲ್ಲ, ಪೆನ್ಸಿಲ್ ಗುರುತು ಚಿಪ್ಪಿನ ಮೇಲೇ ಇತ್ತು. ಡಾಕ್ಟರ ಕಣ್ಣು ಮಂಜಾಯಿತೇ? ಅವರನ್ನು ಇನ್ನೊಮ್ಮೆ ನೋಡಲು ಹಚ್ಚಿ ಬೈಸಿಕೊಂಡಳು. ಸ್ನಾನ ಮಾಡುವಾಗ ತಣ್ಣೀರಿಗೆ ಬಿಸಿನೀರು ಬೆರೆಸುತ್ತ ಹಾಗೇ ನಿಂತುಬಿಡುವಳು. ಬಿಸಿಗೂ ಹೆಣ್ಣು, ತಂಪಿಗೂ ಹೆಣ್ಣು, ಹಾಗಾದರೆ ಗಂಡು ಹುಟ್ಟುವುದಾದರೂ ಎಲ್ಲಿ?

ಉತ್ತರ ಬಂದದ್ದು ಕಡಲಾಚೆಯಿಂದ. ಡಾಕ್ಟರು ಅಲ್ಲಿನವರಿಗೆ ಪತ್ರ ಬರೆದು ಕೇಳಿದ್ದರು.

"ಈ ಜಾತಿದು ಬೇರೆ ರೀತಿಯಂತೆ ಅಮ್ಮ. ತುಂಬ ತಂಪಾದ್ರೂ ಹೆಣ್ಣು, ತುಂಬ ಬಿಸಿಯಾದ್ರೂ ಹೆಣ್ಣು. ಗಂಡು ಬರೋದು ನಡುವೆ, ಇಪ್ಪತ್ತಾರರ ಹತ್ತಿರ. ಅಲ್ಲಿನ ಹಳೇ ದಾಖಲೆಯಲ್ಲಿತ್ತು."

"ನಡುವೆ ಇಟ್ಟರೆ ಗಂಡು ಹೆಣ್ಣು ಅರ್ಧಂಬರ್ಧ ಆಗುತ್ತೆ ಅಂತ ನಾನು ಯಾವತ್ತೂ ಇಟ್ಟೇ ಇಲ್ವಲ್ಲ ಸಾರ್" ಎಂದಳು. ಏನೂ ಗೊತ್ತಿಲ್ಲದ ಹೊಸಬಳಾಗಿದ್ದರೆ ಯಾರನ್ನಾದರೂ ಕೇಳಿಯಾದರೂ ಇಡುತ್ತಿದ್ದಳು. ಎಲ್ಲ ಗೊತ್ತಿದೆ ಎಂಬ ಧೈರ್ಯದಲ್ಲಿ ಇವಳು ಏಳು ಮೊಟ್ಟೆ ಕಳೆದಿದ್ದಳು.

ಆ ವರ್ಷ ಮುದುಕಿ ಒಂಬತ್ತು ಮೊಟ್ಟೆ ಇಟ್ಟಳು. ಜೀವ ಕಟ್ಟಿದ ಮೊಟ್ಟೆಯ ಮೇಲೆ ಕೆಲವು ದಿನಗಳಲ್ಲಿ ಸುಣ್ಣ ಬಳಿದಂಥ ಬಿಳಿ ಮಚ್ಚೆ ಮೂಡಬೇಕು. ಮೇಲ್ವಿಚಾರಕಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಎಂಟು ಹಾಗೇ ಹಳದಿಯಾಗಿ ಕೂತವು. ಒಂದರ ನೆತ್ತಿಯ ಮೇಲೆ ಮಾತ್ರ ಉಗುರಿನಷ್ಟು ಬಿಳಿ ಕಂಡಿತು.

ಮೈದುನ ಮೂರನೆಯ ಪೆಟ್ಟಿಗೆ ತಂದಿಟ್ಟ. "ಎಷ್ಟಕ್ಕೆ?" ಎಂದ, ಮುಖ ನೋಡದೆ.

ಅವಳ ಬಾಯಿಗೆ ಇಪ್ಪತ್ತೆರಡೇ ಬಂತು. ಇಪ್ಪತ್ತೆಂಟು ವರ್ಷದ ಅಭ್ಯಾಸ ಸುಮ್ಮನೆ ಬಿಟ್ಟೀತೇ? ಪತ್ರದವರೇ ತಪ್ಪು ಬರೆದಿದ್ದರೆ? ಇರುವುದೊಂದೇ ಮೊಟ್ಟೆ. ಕೊನೆಗೆ "ಇಪ್ಪತ್ತಾರು. ನಂಗೇನೂ ಗೊತ್ತಿಲ್ಲಪ್ಪ, ಅವರು ಹೇಳಿದ ಹಾಗೆ ಇಡು" ಎಂದಳು.

ಮೂರು ತಿಂಗಳಿಗೆ ಮರಿ ಚಿಪ್ಪೊಡೆಯಿತು. ಗಂಡೋ ಹೆಣ್ಣೋ ನೋಡಲು ಅದು ಅಂಗೈಯಷ್ಟಾಗಬೇಕು. ಮತ್ತೆ ಎಂಟು ತಿಂಗಳು ಕಾದರು. ಅಷ್ಟರಲ್ಲಿ ಮುದುಕಿ ಇನ್ನೊಮ್ಮೆ ಇಟ್ಟಳು. ಒಂದರ ಮೇಲೂ ಬಿಳಿ ಕಾಣಲಿಲ್ಲ.

ಪರೀಕ್ಷೆಯ ದಿನ ಡಾಕ್ಟರು ಕೊಳವೆಯಲ್ಲಿ ಇಣುಕಿ, ಮರಿಯನ್ನು ಹೊರಳಿಸಿ ಮತ್ತೊಮ್ಮೆ ಇಣುಕಿದರು. ಆಮೇಲೆ "ಗಂಡು" ಎಂದರು.

"ಇನ್ನೊಂದ್ಸಲ ನೋಡಿ ಸಾರ್."

"ಗಂಡೇ ಅಮ್ಮ. ಕಡಲಾಚೆಯ ನಾಲ್ಕಕ್ಕೂ ವರ ಸಿಕ್ಕಿದ. ಪ್ರಾಯಕ್ಕೆ ಬರೋಕೆ ಇನ್ನು ಹದಿನೈದು ವರ್ಷ ಬೇಕು, ಅಷ್ಟೇ."

ಬರುವ ತಿಂಗಳು ಕೆಲಸದಿಂದ ನಿವೃತ್ತಳಾಗುವ ಅವಳು ಬೆರಳು ಮಡಿಚಿ ತನ್ನ ವಯಸ್ಸಿಗೆ ಹದಿನೈದು ಕೂಡಿಸಿ ನೋಡಿದಳು. ಬಾಗಿಲ ಬಳಿ ನಿಂತಿದ್ದ ಮೈದುನನ ಕಡೆ ತಿರುಗಿದಳು.

"ನಿನ್ನ ಪೆಟ್ಟಿಗೆ ಸರಿಯಾಗೇ ಇತ್ತು. ತಪ್ಪು ನನ್ನದು, ನಿನ್ನ ಬೈದದ್ದೂ ತಪ್ಪು" ಎಂದಳು, ಅದೇ ನಾಲ್ಕು ಜನರ ಎದುರಿಗೆ. "ಇದರ ಮಕ್ಕಳು ಹುಟ್ಟೋ ಹೊತ್ತಿಗೆ ನಾನು ಇರ್ತೀನೋ ಇಲ್ವೋ. ಇಪ್ಪತ್ತಾರು ಅಂತ ನೀನು ನೆನಪಿಟ್ಕೋ."

ಅವನು ಜೇಬಿನಿಂದ ಪೆನ್ಸಿಲ್ ತೆಗೆದು, ಪೆಟ್ಟಿಗೆಯ ಮುಚ್ಚಳದ ಒಳಗೆ ಇಪ್ಪತ್ತಾರು ಎಂದು ದಪ್ಪಗೆ ಬರೆದ. ಅದರ ಕೆಳಗೆ 'ಅತ್ತಿಗೆ ಹೇಳಿದ್ದು' ಎಂದು ಸೇರಿಸಿದ.